ಹಿತ್ತಲಲ್ಲಿ ಟೆಂಟ್ ಹಾಕಿ ಮಕ್ಕಳ ಜೊತೆ ಮಲಗೋದು: ಎರಡನೇ ಸಲ ನೋಡ್ತಿದ್ದೀವಿ, ಸಲಹೆ ಬೇಕು

ಹಿತ್ತಲಬಾಗಿಲು | ಸೋಮವಾರ, ರಾತ್ರಿ 10:14

ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದು ತುಂಬಿದೆ, ಮಗನಿಗೆ ಎರಡೂವರೆ. ಹೋದ ತಿಂಗಳು ಮನೆ ಹಿತ್ತಲಲ್ಲೇ ಟೆಂಟ್ ಹಾಕಿ ನಾಲ್ಕೂ ಜನ ಮಲಗಿದ್ವಿ. ದೂರ ಎಲ್ಲಾದ್ರೂ ಕರ್ಕೊಂಡು ಹೋಗೋ ಮುಂಚೆ ಇಲ್ಲೇ ಅಭ್ಯಾಸ ಆಗಲಿ ಅಂತ. ಸಂಜೆಯೆಲ್ಲ ಚೆನ್ನಾಗೇ ಇತ್ತು. ರಾತ್ರಿ ಎರಡರ ಹೊತ್ತಿಗೆ ಮಗ ಎದ್ದು ಅಳೋಕೆ ಶುರು ಮಾಡಿದ. ಮುಟ್ಟಿ ನೋಡಿದ್ರೆ ಬೆನ್ನು ತಣ್ಣಗಾಗಿತ್ತು, ಎರಡು ಪದರ ಹೊದಿಸಿದ್ರೂ. ಟೆಂಟಿನ ಒಳಗೋಡೆ ಪೂರ್ತಿ ಒದ್ದೆ, ಮೇಲಿಂದ ಹನಿ ಬೀಳ್ತಿತ್ತು. ಮಳೆ ಬಂದಿರಲಿಲ್ಲ. ಕೊನೆಗೆ ಎಲ್ಲರೂ ಎದ್ದು ಒಳಗೆ ಬಂದು ಮಲಗಿದ್ವಿ.

ಚಳಿಗೂ ಒದ್ದೆಗೂ ಏನಾದ್ರೂ ದಾರಿ ಇದ್ದೇ ಇರುತ್ತೆ. ಆದ್ರೆ ಬೆಳಿಗ್ಗೆ ಮಗಳು ಹಾಸಿಗೆಯಲ್ಲಿ ಕೂತ್ಕೊಂಡು "ಅಮ್ಮಾ, ನಾವು ಸೋತುಬಿಟ್ವಾ?" ಅಂತ ಕೇಳಿದ್ಲು. ನನಗೆ ಏನು ಹೇಳ್ಬೇಕೋ ತೋಚಲಿಲ್ಲ. "ಇಲ್ಲ ಪುಟ್ಟಿ" ಅಂದೆ, ಅವಳಿಗೆ ಅದು ಸಾಲಲಿಲ್ಲ ಅನ್ನೋದು ಮುಖದಲ್ಲೇ ಗೊತ್ತಾಯ್ತು.

ಈ ಶನಿವಾರ ಮತ್ತೆ ಹಾಕೋಣ ಅಂತಿದ್ದೀವಿ. ಕೆಳಗಿಂದ ಬರೋ ಚಳಿಗೆ ಏನು ಮಾಡ್ತೀರಾ? ಒಳಗೆ ಆ ನೀರು ಎಲ್ಲಿಂದ ಬಂತು? ಒಂದು ಮಗು ಒಳಗೆ ಹೋಗ್ತೀನಿ, ಇನ್ನೊಂದು ಇಲ್ಲೇ ಇರ್ತೀನಿ ಅಂದ್ರೆ ಏನು ಮಾಡ್ಬೇಕು? ಅನುಭವ ಇರೋರು ದಯವಿಟ್ಟು ಬರೀರಿ.

ಹಳೆಚಾಪೆ | ಸೋಮವಾರ, ರಾತ್ರಿ 10:52

ಅಕ್ಕ, ಮೂರು ಮಕ್ಕಳನ್ನ ಹೀಗೇ ಮಲಗಿಸಿ ಕಲಿತಿದ್ದು ಹೇಳ್ತೀನಿ. ನೀವು ಹೊದಿಸೋದರ ಕಡೆ ಗಮನ ಕೊಟ್ರಿ, ಹಾಸೋದರ ಕಡೆ ಕೊಡಲಿಲ್ಲ. ನೆಲ ಮೈಯ ಶಾಖವನ್ನ ಬೆಳಗಿನವರೆಗೂ ಎಳ್ಕೊಳ್ತಾನೇ ಇರುತ್ತೆ. ದಪ್ಪ ಹೊದಿಕೆಯನ್ನ ಕೆಳಗೆ ಹಾಸಿದ್ರೂ ಮೈಭಾರಕ್ಕೆ ಅದು ಚಪ್ಪಟೆ ಆಗುತ್ತೆ, ಅದರೊಳಗಿನ ಗಾಳಿ ಹೋದ ಮೇಲೆ ಬೆಚ್ಚಗಿಡೋಕೆ ಅದರಲ್ಲಿ ಏನೂ ಉಳಿಯಲ್ಲ. ಗಾಳಿ ತುಂಬೋ ಹಾಸಿಗೆ ಮೆತ್ತಗಿರುತ್ತೆ ನಿಜ, ಆದ್ರೆ ಒಳಗಿನ ಗಾಳಿ ಓಡಾಡ್ತಾ ನೆಲದ ತಂಪನ್ನ ಬೆನ್ನಿಗೆ ತಂದು ಮುಟ್ಟಿಸುತ್ತೆ. ಮಕ್ಕಳಿಗೆ ಇದು ಇನ್ನೂ ಬೇಗ ತಟ್ಟುತ್ತೆ, ತೂಕಕ್ಕೆ ಹೋಲಿಸಿದ್ರೆ ಅವರ ಮೈಯ ಹೊರಮೈ ಜಾಸ್ತಿ ಅಲ್ವಾ.

ನಾನು ಹಾಕೋ ಕ್ರಮ: ಟೆಂಟಿನ ಕೆಳಗೆ ಟಾರ್ಪಾಲಿನ್, ಒಳಗೆ ದೊಡ್ಡ ಪೆಟ್ಟಿಗೆ ಬಿಚ್ಚಿದ ರಟ್ಟು ಎರಡು ಪದರ, ಅದರ ಮೇಲೆ ಫೋಮ್ ಮ್ಯಾಟ್, ಆಮೇಲೆ ಹಾಸಿಗೆ. ರಟ್ಟು ನೋಡೋಕೆ ಏನೂ ಅಲ್ಲ ಅನ್ಸುತ್ತೆ, ಒಂದು ರಾತ್ರಿ ಹಾಸಿ ನೋಡಿ. ಟಾರ್ಪಾಲಿನ್ ಮಾತ್ರ ಟೆಂಟಿನ ಅಂಚಿಗಿಂತ ಸ್ವಲ್ಪ ಒಳಗೇ ಇರ್ಬೇಕು. ಹೊರಗೆ ಚಾಚಿಕೊಂಡಿದ್ರೆ ಮಳೆನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಕೆಳಗೆ ಹರಿದು ಬರುತ್ತೆ.

ಜಾಗ ಆರಿಸೋವಾಗ ಚಪ್ಪಲಿ ಬಿಟ್ಟು ಒಂದು ಸಲ ನಡೀರಿ, ಕಲ್ಲು ಬೇರು ಎಲ್ಲಿವೆ ಅಂತ ಪಾದಕ್ಕೆ ಗೊತ್ತಾಗುತ್ತೆ. ತಗ್ಗಲ್ಲಿ ಹಾಕ್ಬೇಡಿ, ತಂಪು ಗಾಳಿ ನೀರಿನ ಹಾಗೇ ತಗ್ಗಿಗೆ ಇಳಿದು ನಿಲ್ಲುತ್ತೆ. ಸ್ವಲ್ಪ ಇಳಿಜಾರಿದ್ರೆ ತಲೆ ಎತ್ತರದ ಕಡೆಗಿರಲಿ. ಮರದ ಕೆಳಗೆ ಹಾಕೋದಾದ್ರೆ ಮೇಲೆ ಒಣಕೊಂಬೆ ಇದ್ಯಾ ನೋಡಿ.

ಮಂಜುಹನಿ | ಮಂಗಳವಾರ, ಬೆಳಿಗ್ಗೆ 6:30

ನೀರು ಎಲ್ಲಿಂದ ಬಂತು ಅನ್ನೋದಕ್ಕೆ: ನಿಮ್ಮ ನಾಲ್ಕು ಜನರ ಉಸಿರಿಂದ. ರಾತ್ರಿಯೆಲ್ಲ ಬಿಟ್ಟ ಉಸಿರಿನ ಆವಿ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗುತ್ತೆ. ಚಳಿ ಅಂತ ಎಲ್ಲ ಜಿಪ್ ಹಾಕಿರ್ತೀರಾ. ಮೇಲಿನ ಗಾಳಿಕಿಂಡಿ ತೆಗೆದಿಡಿ, ಬಾಗಿಲಲ್ಲಿ ಬಲೆ ಮಾತ್ರ ಮುಚ್ಚಿ, ಹೊರಪದರ ಕೆಳಗೆ ಒಂದು ಗೇಣು ಎತ್ತರಿಸಿ. ಸ್ವಲ್ಪ ಗಾಳಿ ಆಡುತ್ತೆ ನಿಜ, ಆದ್ರೆ ಒಣಗಿದ ಟೆಂಟಿನ ತಂಪು ಒದ್ದೆ ಟೆಂಟಿನ ಚಳಿಗಿಂತ ಎಷ್ಟೋ ಮೇಲು. ಒದ್ದೆ ಟವೆಲ್, ಒದ್ದೆ ಶೂ ಯಾವುದೂ ಒಳಗೆ ಬೇಡ. ಮಕ್ಕಳ ಹಾಸಿಗೆ ಗೋಡೆಗೆ ತಾಗದ ಹಾಗೆ ಮಧ್ಯದಲ್ಲಿರಲಿ.

ಹೊರಗೆ ಬೀಳೋ ಇಬ್ಬನಿ ಬೇರೆ ಲೆಕ್ಕ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಅದು ಹೆಚ್ಚು. ಆಕಾಶ ನಿಚ್ಚಳವಾಗಿದ್ರೆ ನಕ್ಷತ್ರ ಚೆನ್ನಾಗಿ ಕಾಣುತ್ತೆ, ಚಳಿನೂ ಜಾಸ್ತಿ ಇರುತ್ತೆ. ಎರಡೂ ಒಟ್ಟಿಗೇ ಬರೋದು.

ರಾತ್ರಿಪಾಳಿ | ಮಂಗಳವಾರ, ಮಧ್ಯಾಹ್ನ 1:05

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಸಂತೋಷದ ವಿಷಯದ ನಡುವೆ ಭಯ ಹುಟ್ಟಿಸೋಕೆ ಬಂದಿಲ್ಲ, ಆದರೆ ಕೆಲವು ಮಾತು ಹೇಳದೇ ಇರೋಕಾಗಲ್ಲ.

ಚಳಿ ಅಂತ ಕೆಂಡದ ಒಲೆ, ಗ್ಯಾಸ್ ಸ್ಟೌ, ಹೀಟರ್ ಯಾವುದನ್ನೂ ಟೆಂಟಿನೊಳಗೆ ತರಬೇಡಿ. ಬಾಗಿಲು ತೆರೆದಿದ್ದರೂ ಬೇಡ. ಆರಿದ ಹಾಗೆ ಕಾಣುವ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಸೊಳ್ಳೆ ಕಾಯಿಲ್ ಕೂಡ ಒಳಗೆ ಬೇಡ. ಹೊಗೆ ಒಂದು ಕಡೆ, ಇನ್ನೊಂದು ಕಡೆ ಟೆಂಟಿನ ನೈಲಾನ್ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಸೊಳ್ಳೆಗೆ ಬಲೆಯೇ ಮೊದಲ ಮದ್ದು. ಕತ್ತಲಾಗುವ ಮೊದಲೇ ಜಿಪ್ ಎಳೆದಿಡಿ. ಮೈಗೆ ಹಚ್ಚುವ ಸೊಳ್ಳೆ ಔಷಧಿಯಲ್ಲಿ ಡೀಟ್ (DEET) ಎಂಬ ರಾಸಾಯನಿಕ ಇರುವುದನ್ನು 2 ತಿಂಗಳೊಳಗಿನ ಕೂಸಿಗೆ ಹಚ್ಚುವಂತಿಲ್ಲ. ನಿಂಬೆ ನೀಲಗಿರಿ ಎಣ್ಣೆಯಿಂದ ಮಾಡಿದ್ದನ್ನು 3 ವರ್ಷದೊಳಗಿನವರಿಗೆ ಹಚ್ಚುವಂತಿಲ್ಲ, ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ನಂಬಬೇಡಿ. ಯಾವುದೇ ಆದರೂ ಮಕ್ಕಳ ಅಂಗೈಗೆ ಹಚ್ಚಬೇಡಿ, ಕೈ ಬಾಯಿಗೆ ಹೋಗುತ್ತದೆ.

ಮಕ್ಕಳಿಗೆ ಕೊಡುವ ಪುಟ್ಟ ಟಾರ್ಚು, ಮಿನುಗುವ ಬಳೆ, ಸಣ್ಣ ದೀಪಗಳನ್ನು ಒಮ್ಮೆ ತಿರುಗಿಸಿ ನೋಡಿ. ಒಳಗೆ ಗುಂಡಿಯಂತಹ ಚಪ್ಪಟೆ ಬ್ಯಾಟರಿ ಇದ್ದು, ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಎರಡೂವರೆ ವರ್ಷದ ಮಗುವಿಗೆ ಕೊಡಲೇಬೇಡಿ. ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಒಳಗೆಲ್ಲ ಸುಡುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ. ಪೆನ್ಸಿಲ್ ಸೆಲ್ ಹಾಕುವ ಟಾರ್ಚು ಒಳ್ಳೆಯದು.

ಬೆಂಕಿ ಹಾಕುವವರಿದ್ದರೆ ಇನ್ನೊಂದು. ರಾತ್ರಿ ಉರಿಗೆ ಎಲ್ಲರೂ ಹುಷಾರಾಗಿರುತ್ತಾರೆ. ಮಕ್ಕಳು ಸುಟ್ಟುಕೊಳ್ಳುವುದು ಎಷ್ಟೋ ಸಲ ಮರುದಿನ ಬೆಳಿಗ್ಗೆ, ಬರಿಗಾಲಲ್ಲಿ ಬೂದಿಗೆ ಕಾಲಿಟ್ಟು. ಮಣ್ಣು ಮುಚ್ಚಿದರೆ ಬೆಂಕಿ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ, ಮಣ್ಣು ಶಾಖವನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿಯ ಹತ್ತಿರ ಕೈ ಹಿಡಿದಾಗ ಬಿಸಿ ತಟ್ಟದ ಮೇಲೆ ಮಲಗಲು ಹೋಗಿ.

ಹಾಲು ಕುಡಿಯುವ ಕೂಸು ಇರುವವರು: ಗಾಳಿ ತುಂಬುವ ಹಾಸಿಗೆ, ದಿಂಬು, ಸಡಿಲ ಹೊದಿಕೆ ಕೂಸಿಗೆ ಬೇಡ, ಮೂಗು ಬಾಯಿ ಮುಚ್ಚಿಹೋಗಬಹುದು. ಗಟ್ಟಿಯಾದ ಸಮತಟ್ಟು ಹಾಸಿಗೆಯನ್ನೇ ಹೊರಗೂ ಒಯ್ಯಿರಿ.

ಬೆಳಗಿನವರೆಗೂ | ಮಂಗಳವಾರ, ಸಂಜೆ 7:40

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೆ ಇಪ್ಪತ್ತು ಹೆಜ್ಜೆ ದೂರದಲ್ಲಿದೆ ಅನ್ನೋದೇ ಹಿತ್ತಲ ಕ್ಯಾಂಪಿಂಗಿನ ತೊಂದರೆ. ಸ್ವಲ್ಪ ಕಷ್ಟ ಆದ ತಕ್ಷಣ ಒಳಗೆ ಓಡೋ ಅಭ್ಯಾಸ ಆದ್ರೆ, ನಾಳೆ ನಿಜವಾಗ್ಲೂ ದೂರ ಹೋದಾಗ ಮಗು ಏನು ಮಾಡುತ್ತೆ? ನಮ್ಮ ಮಗನಿಗೆ ನಾವು ಮೊದಲೇ ಹೇಳಿದ್ವಿ, ಬೆಳಗಾಗೋವರೆಗೂ ಯಾರೂ ಒಳಗೆ ಹೋಗಲ್ಲ ಅಂತ. ಒಂದು ಸಲ ಅತ್ತ, ಸಮಾಧಾನ ಮಾಡಿದ್ವಿ, ಮಲಗಿದ. ಬೆಳಿಗ್ಗೆ ಅವನ ಮುಖದಲ್ಲಿದ್ದ ಹೆಮ್ಮೆ ನನಗೆ ಇವತ್ತಿಗೂ ನೆನಪಿದೆ. ಆ ಹೆಮ್ಮೆ ಎಲ್ಲ ಮಕ್ಕಳಿಗೂ ಸಿಗಲಿ ಅನ್ನೋದು ನನ್ನ ಆಸೆ.

ಹಳೆಚಾಪೆ | ಮಂಗಳವಾರ, ರಾತ್ರಿ 8:15

ಅವನಿಗೆ ಆಗ ಎಷ್ಟು ವಯಸ್ಸು?

ಬೆಳಗಿನವರೆಗೂ | ಮಂಗಳವಾರ, ರಾತ್ರಿ 8:21

ಎಂಟು.

ಬಾಲವಾಡಿಟೀಚರ್ | ಮಂಗಳವಾರ, ರಾತ್ರಿ 9:30

ಎಂಟಕ್ಕೂ ಎರಡೂವರೆಗೂ ನಡುವೆ ತುಂಬಾ ದೂರ ಇದೆ ಸರ್. ಎಂಟು ವರ್ಷದವನಿಗೆ "ಬೆಳಗಾಗೋವರೆಗೂ" ಅಂದ್ರೆ ಎಷ್ಟು ಹೊತ್ತು ಅಂತ ಗೊತ್ತು. ಎರಡೂವರೆಯವನಿಗೆ ಅದು ಕೊನೆಯೇ ಇಲ್ಲದ ಹೊತ್ತು. ಮೂರರಿಂದ ಆರರ ನಡುವೆ ಕತ್ತಲೆ ಭಯ ಬರೋದು ತೀರಾ ಸಹಜ, ಇಲ್ಲದ್ದನ್ನ ಕಲ್ಪಿಸಿಕೊಳ್ಳೋ ಶಕ್ತಿ ಅದೇ ವಯಸ್ಸಲ್ಲಿ ಬೆಳೆಯುತ್ತೆ. ಮಗುವನ್ನ ಹಿಡಿದು ಕೂರಿಸಿದ್ರೆ ರಾತ್ರಿ ಹೇಗೋ ಕಳೆಯುತ್ತೆ, ಮುಂದಿನ ಸಲ ಟೆಂಟ್ ಅಂದ ಕೂಡಲೇ ಅಳು ಬರುತ್ತೆ. ಹೊರಗೆ ಹೋದವರು ಯಾವಾಗ ಬೇಕಾದ್ರೂ ಒಳಗೆ ಬರಬಹುದು ಅಂತ ನಂಬಿಕೆ ಇರೋ ಮಗು ಹೆಚ್ಚು ಹೊತ್ತು ಹೊರಗಿರುತ್ತೆ. ನನ್ನ ತರಗತಿಯ ಬಾಗಿಲಲ್ಲಿ ಪ್ರತಿ ವರ್ಷ ಮೊದಲ ವಾರ ನಾನು ನೋಡೋದು ಇದನ್ನೇ. ಅಮ್ಮ ಕಿಟಕಿಯಾಚೆ ಕಾಣ್ತಿದ್ರೆ ಮಗು ಆಟಕ್ಕಿಳಿಯುತ್ತೆ, ಬಾಗಿಲು ಮುಚ್ಚಿದ್ರೆ ಬಾಗಿಲಿಗೇ ಅಂಟಿಕೊಳ್ಳುತ್ತೆ.

ಹಿತ್ತಲಬಾಗಿಲು ಅವರೇ, ನಿಮ್ಮ ಮಗಳ ಪ್ರಶ್ನೆಗೆ ನನಗೆ ತೋಚಿದ್ದು ಹೇಳ್ತೀನಿ. ಆಟಕ್ಕೆ ಗೆಲುವು ಅಂದ್ರೆ "ಬೆಳಗಿನವರೆಗೆ ಮಲಗೋದು" ಅಂತ ಇದ್ರೆ, ಎರಡು ಗಂಟೆಗೆ ಎದ್ದು ಬಂದಿದ್ದು ಸೋಲೇ. ಅವಳು ಸರಿಯಾಗೇ ಲೆಕ್ಕ ಹಾಕಿದ್ದಾಳೆ. ಲೆಕ್ಕ ಕೊಟ್ಟ ನಾವು ಅದನ್ನ ಬದಲಾಯಿಸಬೇಕು. ಈ ಸಲ ಹೊರಡೋ ಮುಂಚೆ ಮನೆ ಹಿಂಬಾಗಿಲ ಕೀಲಿಯನ್ನ ಅವಳ ಕೈಗೆ ಕೊಡಿ. "ಇವತ್ತು ರಾತ್ರಿ ಯಾರಿಗೆ ಒಳಗೆ ಹೋಗ್ಬೇಕು ಅನ್ಸಿದ್ರೂ ನೀನೇ ಬಾಗಿಲು ತೆಗೀಬೇಕು, ಅದು ನಿನ್ನ ಕೆಲಸ" ಅನ್ನಿ. ಒಳಗೆ ಹೋಗೋದು ಆಗ ಅವಳು ಮಾಡೋ ಕೆಲಸ ಆಗುತ್ತೆ.

ಅದಕ್ಕೂ ಮುಂಚೆ ಬುಧವಾರ ಗುರುವಾರ ನಡುಮನೆಯಲ್ಲೇ ಟೆಂಟ್ ಹಾಕಿ ಆಡೋಕೆ ಬಿಡಿ. ಜಿಪ್ ತೆಗೆಯೋದು ಹಾಕೋದು ಅವರೇ ಕಲೀಲಿ. ಶುಕ್ರವಾರ ಸಂಜೆ ಹಿತ್ತಲಲ್ಲಿ ಹಾಕಿ ಬರೀ ಕಥೆ ಹೇಳಿ ಒಳಗೆ ಬನ್ನಿ. ದಿನಾ ಮಲಗೋವಾಗ ಏನೇನು ಮಾಡ್ತೀರೋ, ಹಲ್ಲುಜ್ಜೋದು, ಅದೇ ಹಾಡು, ಅದೇ ಮಾಸಿದ ಗೊಂಬೆ, ಎಲ್ಲ ಅದೇ ಕ್ರಮದಲ್ಲಿ ಇರಲಿ. ಹೊಸದು ಒಂದೇ ಇರಲಿ, ಜಾಗ. ಟೆಂಟಿನ ಬಾಗಿಲು ಮನೆ ಬಾಗಿಲ ಕಡೆಗೇ ಮುಖ ಮಾಡಿರಲಿ, ಅಡುಗೆಮನೆ ದೀಪ ರಾತ್ರಿಯೆಲ್ಲ ಉರೀಲಿ. ಹಗಲಲ್ಲಿ ಮಾತ್ರ ಬಿಸಿಲಿಗೆ ಟೆಂಟಿನೊಳಗೆ ಮಗು ಒಂದನ್ನೇ ಮಲಗಿಸಿ ಹೋಗ್ಬೇಡಿ, ಒಳಗೆ ತುಂಬಾ ಬೇಗ ಕಾವೇರುತ್ತೆ.

ರಾತ್ರಿಪಾಳಿ | ಮಂಗಳವಾರ, ರಾತ್ರಿ 9:48

ಕೀಲಿಯ ಯೋಚನೆ ತುಂಬಾ ಇಷ್ಟವಾಯಿತು. ಒಂದೇ ಮಾತು, ದಾರ ಕಟ್ಟಿ ಕತ್ತಿಗೆ ಹಾಕಬೇಡಿ, ನಿದ್ದೆಯಲ್ಲಿ ಸುತ್ತಿಕೊಳ್ಳುತ್ತದೆ. ಟೆಂಟಿನ ಗೋಡೆಯಲ್ಲಿ ಸಣ್ಣ ಜೇಬು ಇರುತ್ತದಲ್ಲ, ಅದರಲ್ಲಿರಲಿ. ಇನ್ನೊಂದು ಕೀಲಿ ನಿಮ್ಮ ಹತ್ತಿರ.

ಮೂರನೇಮಹಡಿ | ಬುಧವಾರ, ಬೆಳಿಗ್ಗೆ 10:10

ನಮಗೆ ಹಿತ್ತಲೇ ಇಲ್ಲ, ತಾರಸಿ ಮಾತ್ರ. ಮಗಳಿಗೆ ನಾಲ್ಕು. ಈ ಚರ್ಚೆ ಓದ್ತಿದ್ರೆ ಆಸೆ ಆಗ್ತಿದೆ. ತಾರಸಿ ಮೇಲೆ ಆಗುತ್ತಾ?

ಹಳೆಚಾಪೆ | ಬುಧವಾರ, ಬೆಳಿಗ್ಗೆ 11:25

ಸುತ್ತಲ ಗೋಡೆ ಮಗು ಹತ್ತೋಕಾಗದಷ್ಟು ಎತ್ತರ ಇದ್ರೆ ಆಗುತ್ತೆ. ಗೋಡೆ ಪಕ್ಕ ಕುರ್ಚಿ, ಕುಂಡ, ಪೆಟ್ಟಿಗೆ, ಹತ್ತೋಕೆ ಆಗೋದು ಯಾವುದೂ ಇರಬಾರದು. ದೊಡ್ಡವರಲ್ಲಿ ಒಬ್ಬರು ಟೆಂಟಿನ ಬಾಗಿಲಿಗೆ ಅಡ್ಡಲಾಗಿ ಮಲಗಿ, ಮಗು ರಾತ್ರಿ ಎದ್ದು ಹೊರಟ್ರೆ ನಿಮ್ಮನ್ನ ದಾಟಿಯೇ ಹೋಗ್ಬೇಕು. ಕಾಂಕ್ರೀಟಿಗೆ ಗೂಟ ಹೊಡೆಯೋಕಾಗಲ್ಲ, ನಾಲ್ಕು ಮೂಲೆಗೂ ನೀರು ತುಂಬಿದ ದೊಡ್ಡ ಕ್ಯಾನ್ ಕಟ್ಟಿ. ಮೇಲೆ ಗಾಳಿ ಜೋರು, ಖಾಲಿ ಟೆಂಟ್ ಕೈಬಿಟ್ರೆ ಹಾರಿಹೋಗುತ್ತೆ. ಹಗಲು ಕಾದ ಕಾಂಕ್ರೀಟ್ ರಾತ್ರಿ ಬಹಳ ಹೊತ್ತು ಶಾಖ ಬಿಡ್ತಾ ಇರುತ್ತೆ, ಬೇಸಿಗೆಯಲ್ಲಿ ಮೊದಲೇ ನೀರು ಹಾಕಿ ತಣಿಸಿ. ಗೋಡೆ ಗಿಡ್ಡ ಇದ್ರೆ ದಯವಿಟ್ಟು ಬೇಡ, ನಡುಮನೆಯಲ್ಲಿ ಕಿಟಕಿ ತೆಗೆದು ಹಾಕಿ. ನಾಲ್ಕು ವರ್ಷದವಳಿಗೆ ಟೆಂಟೇ ಊರು.

ಕೃತ್ತಿಕೆ | ಬುಧವಾರ, ರಾತ್ರಿ 8:50

ಎಲ್ಲರೂ ಮಲಗೋದರ ಬಗ್ಗೆ ಹೇಳಿದ್ರಿ. ಕತ್ತಲಾದ ಮೇಲೆ ನಿದ್ದೆ ಬರೋವರೆಗಿನ ಹೊತ್ತಿದೆಯಲ್ಲ, ನನ್ನ ಪ್ರಕಾರ ಅದಕ್ಕೋಸ್ಕರವೇ ಹೊರಗೆ ಹೋಗ್ಬೇಕು.

ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ಅಷ್ಟರಲ್ಲಿ ಯಾರಾದ್ರೂ ಒಂದು ಸಲ ಫೋನ್ ಬೆಳಗಿಸಿದ್ರೆ ಮತ್ತೆ ಮೊದಲಿಂದ. ಮಂದ ಬೆಳಕಲ್ಲಿ ನೋಡೋಕೆ ನೆರವಾಗೋ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಟ್ಟಲ್ಲ, ಹಾಗಾಗಿ ಟಾರ್ಚಿನ ಮುಖಕ್ಕೆ ಕೆಂಪು ಕಾಗದ ಕಟ್ಟಿ. ಮಕ್ಕಳ ಕೈಲೇ ಕಟ್ಟಿಸಿ, ಅದು ಅವರ ಟಾರ್ಚ್ ಆಗುತ್ತೆ. ಆಮೇಲೆ ಮಲಗಿಕೊಂಡು ಮೇಲೆ ನೋಡಿ. ಮೊದಲು ಹತ್ತು ನಕ್ಷತ್ರ ಎಣಿಸ್ತಾರೆ, ಅರ್ಧ ಗಂಟೆ ಆದ ಮೇಲೆ ಎಣಿಸೋಕಾಗಲ್ಲ ಅಂತಾರೆ. ನಕ್ಷತ್ರ ಹೆಚ್ಚಾಗಿಲ್ಲ, ನಿನ್ನ ಕಣ್ಣು ಬೆಳೆದಿದೆ ಅಂತ ಹೇಳಿ ನೋಡಿ.

ಸಂಜೆ ಕತ್ತಲಾದ ಸ್ವಲ್ಪ ಹೊತ್ತಿಗೋ ಬೆಳಗಿನ ಜಾವವೋ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಿಮ್ಮ ಮೇಲೆ ಹಾದುಹೋಗುತ್ತಾ ಅಂತ ಮೊದಲೇ ನೋಡಿಟ್ಕೊಳ್ಳಿ. ಸುಮಾರು 400 ಕಿ.ಮೀ. ಎತ್ತರದಲ್ಲಿ, ಸುಮಾರು 90 ನಿಮಿಷಕ್ಕೊಂದು ಸುತ್ತು. ಮಿನುಗದೆ, ಸದ್ದಿಲ್ಲದೆ, ಒಂದು ದೊಡ್ಡ ಚುಕ್ಕಿ ಆಕಾಶದ ಈ ಕಡೆಯಿಂದ ಆ ಕಡೆ ಕೆಲವೇ ನಿಮಿಷದಲ್ಲಿ ದಾಟುತ್ತೆ. 2000ದ ನವೆಂಬರಿನಿಂದ ಅಲ್ಲಿ ಮನುಷ್ಯರಿಲ್ಲದ ದಿನವೇ ಇಲ್ಲ. ಅವರೂ ಮಲಗೋ ಚೀಲದೊಳಗೆ ಹೊಕ್ಕು, ಚೀಲವನ್ನ ಗೋಡೆಗೆ ಕಟ್ಟಿಕೊಂಡು ನಿದ್ದೆ ಮಾಡ್ತಾರೆ. ಇದನ್ನ ಕೇಳಿದ ಮೇಲೆ ನನ್ನ ತಮ್ಮನ ಮಗ, ನಾಲ್ಕು ವರ್ಷದವನು, ಅವತ್ತು ರಾತ್ರಿ ತನ್ನ ಚೀಲದಿಂದ ಹೊರಗೇ ಬರಲಿಲ್ಲ.

ಮೋಡ ಇದ್ರೆ ಕಿವಿಗೆ ಕೆಲಸ ಕೊಡಿ. ಜೀರುಂಡೆ ಕೂಗೋದು ಗಂಡು ಮಾತ್ರ, ರೆಕ್ಕೆಗೆ ರೆಕ್ಕೆ ತೀಡಿ. ಬಿಸಿ ಹೆಚ್ಚಿದ ಹಾಗೆ ಬೇಗ ಬೇಗ ಕೂಗುತ್ತೆ. ಡಾಲ್ಬೇರ್ ಅನ್ನೋ ಅಮೆರಿಕದ ಭೌತವಿಜ್ಞಾನಿ 1897ರಲ್ಲೇ ಇದರ ಲೆಕ್ಕ ಬರೆದಿಟ್ಟ. ಈಗ ಸುಲಭದಲ್ಲಿ ಹೇಳೋದು ಹೀಗೆ: 8 ಸೆಕೆಂಡಲ್ಲಿ ಎಷ್ಟು ಸಲ ಕೂಗ್ತೋ ಅದಕ್ಕೆ 5 ಕೂಡಿಸಿದ್ರೆ ಹೆಚ್ಚುಕಡಿಮೆ ಸೆಲ್ಸಿಯಸ್. ಅದು ಅಲ್ಲಿನ ಒಂದು ಜಾತಿಯ ಜೀರುಂಡೆಯ ಲೆಕ್ಕ, ನಿಮ್ಮ ಹಿತ್ತಲಿನದ್ದಕ್ಕೆ ಸರಿಹೊಂದಬೇಕು ಅಂತಿಲ್ಲ. ಸಂಜೆ ಒಮ್ಮೆ, ಮಲಗೋ ಮುಂಚೆ ಒಮ್ಮೆ ಎಣಿಸಿ, ಎರಡನೇದು ನಿಧಾನ ಆಗಿರುತ್ತೆ. ಐದು ವರ್ಷದವಳಿಗೆ ಅಷ್ಟು ಸಾಕು.

ಇನ್ನೊಂದು, ಟೆಂಟಿನಿಂದ ಸ್ವಲ್ಪ ದೂರದಲ್ಲಿ ಬಿಳಿ ಬಟ್ಟೆ ಇಳಿಬಿಟ್ಟು ಹಿಂದೆ ದೀಪ ಇಟ್ರೆ ಪತಂಗಗಳು ಬರ್ತವೆ. ದೀಪದ ಆಸೆಗೆ ಬರ್ತವೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ. 2024ರಲ್ಲಿ ಬಂದ ಒಂದು ಅಧ್ಯಯನ ವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ನೋಡಿತು. ಹಾರೋ ಹುಳುಗಳು ಬೆಳಕಿನ ಕಡೆಗೆ ಬೆನ್ನು ತಿರುಗಿಸ್ತವೆ. ಆಕಾಶ ಯಾವಾಗ್ಲೂ ನೆಲಕ್ಕಿಂತ ಬೆಳಕು, ಹಾಗಾಗಿ ಬೆಳಕಿದ್ದ ಕಡೆ ಮೇಲು ಅನ್ನೋದು ಅವುಗಳ ಮೈಗೆ ಗೊತ್ತು. ದೀಪ ಸಿಕ್ಕಾಗ ಆ ಲೆಕ್ಕ ತಪ್ಪಿ ಅದರ ಸುತ್ತಲೇ ಸಿಕ್ಕಿಬೀಳ್ತವೆ. ಮಕ್ಕಳು ನೋಡಿ ಆದ ಮೇಲೆ ದೀಪ ಆರಿಸಿಬಿಡಿ, ಅವು ದಾರಿ ಹಿಡಿದು ಹೋಗ್ತವೆ.

ಎರಡುಜೊತೆಚಡ್ಡಿ | ಗುರುವಾರ, ಬೆಳಿಗ್ಗೆ 7:15

ಯಾರೂ ಹೇಳದ ವಿಷಯ, ಮೂತ್ರ. ಐದನೇ ವಯಸ್ಸಲ್ಲೂ ನೂರರಲ್ಲಿ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡ್ಕೋತಾರೆ, ಹೊಸ ಜಾಗದಲ್ಲಿ ಕೇಳೋದೇ ಬೇಡ. ನಮ್ಮ ಮಗ ಮನೇಲಿ ತಿಂಗಳುಗಟ್ಟಲೆ ಒಣಗಿದ್ದವನು ಟೆಂಟಲ್ಲಿ ಮೊದಲ ರಾತ್ರಿನೇ ಒದ್ದೆ ಮಾಡ್ಕೊಂಡ. ಕತ್ತಲಲ್ಲಿ ಹೊರಗೆ ಹೋಗೋಕೆ ಹೆದರಿ ಹೇಳಿರಲಿಲ್ಲ ಅಷ್ಟೆ. ಅವತ್ತಿಂದ ಮೂತ್ರ ಮಾಡಿಸೋ ಸಣ್ಣ ಪಾಟಿಯನ್ನ ಟೆಂಟಿನ ಹೊರಮೂಲೆಯಲ್ಲೇ ಇಡ್ತೀವಿ. ಹಾಸಿಗೆ ಕೆಳಗೆ ರಬ್ಬರ್ ಶೀಟು, ಕೈಗೆಟುಕೋ ಕಡೆ ಎರಡು ಜೊತೆ ಬಟ್ಟೆ, ಒಂದು ಚೀಲ ಒದ್ದೆ ಬಟ್ಟೆಗೆ. ಏನೂ ಮಾತಾಡದೆ ಬದಲಾಯಿಸಿ ಮಲಗಿಸಿ. ಶೂ ಹೊರಗೆ ಬಿಟ್ಟಿದ್ರೆ ಹಾಕೋ ಮುಂಚೆ ಕೊಡವಿ. ಟೆಂಟ್ ಕಟ್ಟಿದ ಹಗ್ಗಕ್ಕೆಲ್ಲ ಬಿಳಿ ಬಟ್ಟೆ ಚೂರು ಕಟ್ಟಿ, ರಾತ್ರಿ ಎಲ್ಲರೂ ಎಡವೋದು ಅದಕ್ಕೇ. ಒಳಗೆ ತಿಂಡಿ ಬೇಡ, ಇರುವೆ ದಾರಿ ಕಂಡ್ಕೊಂಡ್ರೆ ಮುಗೀತು.

ಹಿತ್ತಲಬಾಗಿಲು | ಗುರುವಾರ, ರಾತ್ರಿ 9:05

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದ್ರೂ ಕಡಿಮೆ. ಟೀಚರ್, ನಿಮ್ಮ ಮಾತನ್ನ ಮನೆಯವರಿಗೂ ಓದಿ ಹೇಳಿದೆ. ಟೆಂಟ್ ನಡುಮನೆಯಲ್ಲಿದೆ, ಎರಡು ದಿನದಿಂದ ಊಟವೂ ಅದರ ಬಾಗಿಲಲ್ಲೇ. ಶನಿವಾರ ಗುಡುಗು ಬರಬಹುದು ಅಂತ ಹವಾಮಾನದವರು ಹೇಳ್ತಿದ್ದಾರೆ. ಸಣ್ಣ ಗುಡುಗಾದ್ರೆ ಟೆಂಟಲ್ಲೇ ಇರಬಹುದಾ?

ಮಂಜುಹನಿ | ಗುರುವಾರ, ರಾತ್ರಿ 9:20

ಬೇಡ ಅಕ್ಕ. ಗುಡುಗು ಕೇಳಿಸ್ತು ಅಂದ್ರೆ ಸಿಡಿಲು ಬಡಿಯೋಷ್ಟು ಹತ್ತಿರ ಇದೆ ಅಂತಲೇ ಲೆಕ್ಕ. ಟೆಂಟ್ ಸಿಡಿಲಿಂದ ಏನೂ ಕಾಪಾಡಲ್ಲ, ಮರದ ಕೆಳಗಂತೂ ಇನ್ನೂ ಅಪಾಯ. ಎಲ್ಲರೂ ಮನೆಯೊಳಗೆ. ಕೊನೆ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಗೆ. ಒಳಗೆ ಕಿಟಕಿಯಿಂದ ದೂರ ಕೂತು ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ, 3 ಸೆಕೆಂಡಿಗೆ ಸುಮಾರು 1 ಕಿ.ಮೀ. ಇದೊಂದರಲ್ಲಿ ಮಗುವಿನ ಕೈಗೆ ತೀರ್ಮಾನ ಕೊಡಬೇಡಿ, ದೊಡ್ಡವರೇ ಹೇಳಿ.

ಹಿತ್ತಲಬಾಗಿಲು | ಭಾನುವಾರ, ಮಧ್ಯಾಹ್ನ 12:40

ಬರೀಲೇಬೇಕು ಅಂತ ಕೂತಿದ್ದೀನಿ.

ಗುಡುಗು ಬರಲಿಲ್ಲ. ಸಂಜೆ ಆರಕ್ಕೆ ಮಗಳ ಕೈಗೆ ಕೀಲಿ ಕೊಟ್ವಿ. ಅವಳು ಹೋಗಿ ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ್ಲು. ಕೀಲಿ ತಿರುಗಿಸೋಕೆ ಎರಡೂ ಕೈ ಬೇಕು ಅವಳಿಗೆ. ಆಮೇಲೆ ಟೆಂಟಿನ ಜೇಬಲ್ಲಿಟ್ಟು ಆಗಾಗ ಮುಟ್ಟಿ ನೋಡ್ತಿದ್ಲು.

ಜೀರುಂಡೆ ಎಣಿಸಿದ್ವಿ, ಸಂಜೆ 19, ಮಲಗೋವಾಗ 16. ಮಗನಿಗೆ ಎಣಿಸೋಕೆ ಬರಲ್ಲ, ಅವನೂ ಬೆರಳು ಮಡಚ್ತಿದ್ದ. ಪತಂಗದ ಬಟ್ಟೆ ಮುಂದೆ ಅವನು ಸುಮಾರು ಅರ್ಧ ಗಂಟೆ ಅಲ್ಲಾಡದೆ ನಿಂತಿದ್ದ. ನಾನು ಅವನನ್ನ ಅಷ್ಟು ಹೊತ್ತು ಸುಮ್ಮನಿದ್ದದ್ದು ನೋಡಿದ್ದು ಅದೇ ಮೊದಲು.

ಹನ್ನೊಂದೂವರೆಗೆ ಮಗ ಎದ್ದು "ಮನೆ" ಅಂದ. ಅಳಲಿಲ್ಲ, ಬರೀ ಮನೆ ಅಂದ. ನಾನು ಏಳೋ ಮುಂಚೆ ಮಗಳು ಎದ್ದು ಕೀಲಿ ತಗೊಂಡ್ಲು. ಕೆಂಪು ಟಾರ್ಚ್ ಹಿಡ್ಕೊಂಡು ಮುಂದೆ ನಡೆದ್ಲು, ಹಿಂದೆ ಅಪ್ಪನ ಹೆಗಲ ಮೇಲೆ ಅವನು. ಬಾಗಿಲು ತೆಗೆದು ಅವರನ್ನ ಒಳಗೆ ಬಿಟ್ಟು, ಮತ್ತೆ ಬೀಗ ಹಾಕಿ ಹುಲ್ಲಿನ ಮೇಲೆ ನಡ್ಕೊಂಡು ಬಂದ್ಲು. ನಾನು ಟೆಂಟಿನ ಬಾಗಿಲಲ್ಲೇ ನಿಂತು ನೋಡ್ತಿದ್ದೆ. ಕತ್ತಲಲ್ಲಿ ಇಪ್ಪತ್ತು ಹೆಜ್ಜೆ ಅವಳೊಬ್ಬಳೇ.

ರಟ್ಟು ನಿಜವಾಗ್ಲೂ ಕೆಲಸ ಮಾಡ್ತು ಅಣ್ಣ. ಕಿಂಡಿ ತೆಗೆದಿಟ್ಟಿದ್ರಿಂದ ಗೋಡೆ ಸ್ವಲ್ಪ ತೇವ, ಹನಿ ಇಲ್ಲ. ನನಗೆ ಮಾತ್ರ ನಿದ್ದೆ ಬರಲಿಲ್ಲ, ಎಲೆ ಬಿದ್ರೂ ಎಚ್ಚರ. ಐದಕ್ಕೆ ಸ್ವಲ್ಪ ಮುಂಚೆ ಚಳಿ ಜೋರಾಯ್ತು, ಅವಳೂ ಎದ್ಲು. ಇನ್ನೊಂದು ಕಂಬಳಿ ಹೊದಿಸಿದೆ. "ಒಳಗೆ ಹೋಗೋಣ್ವಾ?" ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ "ಹೂಂ" ಅಂದ್ಲು. ಹೋದ್ವಿ. ನಾನು ಮುಗೀತು ಅಂತ ಹಾಸಿಗೆ ಮೇಲೆ ಒರಗಿದೆ. ಅವಳು ತಮ್ಮನನ್ನ ಎಬ್ಬಿಸಿ, ಕೈ ಹಿಡ್ಕೊಂಡು, ಮತ್ತೆ ಬಾಗಿಲ ಹತ್ರ ನಿಂತಿದ್ಲು. ಹಕ್ಕಿ ಕೂಗೋಕೆ ಶುರುವಾಗಿದೆ, ಅವನಿಗೆ ಕೇಳಿಸ್ಬೇಕಂತೆ.

ಬಾಲವಾಡಿಟೀಚರ್ | ಭಾನುವಾರ, ಮಧ್ಯಾಹ್ನ 1:15

ಓದಿ ಕಣ್ಣು ತುಂಬಿ ಬಂತು. ಅವಳಿಗೆ ನನ್ನ ಕಡೆಯಿಂದ ಒಂದು ಅಪ್ಪುಗೆ ಕೊಡಿ.

ಕೃತ್ತಿಕೆ | ಭಾನುವಾರ, ಮಧ್ಯಾಹ್ನ 2:00

ನಿಮಗೆ ನಿದ್ದೆ ಬರದೇ ಇದ್ದದ್ದಕ್ಕೂ ಕಾರಣ ಇದೆ. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಅರ್ಧ ಇನ್ನರ್ಧಕ್ಕಿಂತ ಹಗುರಾಗಿ ನಿದ್ರಿಸುತ್ತೆ, ಸಣ್ಣ ಸದ್ದಿಗೂ ಕಿವಿಗೊಡುತ್ತೆ ಅಂತ 2016ರ ಒಂದು ಅಧ್ಯಯನದಲ್ಲಿ ಕಂಡಿದೆ. ಸಾಧ್ಯ ಆದ್ರೆ ಮುಂದಿನ ಸಲ ಎರಡು ರಾತ್ರಿ ಸೇರಿಸಿ ಇಟ್ಕೊಳ್ಳಿ, ಎರಡನೇ ರಾತ್ರಿ ನಿಮಗೂ ನಿದ್ದೆ ಬರುತ್ತೆ. ಬೆಳಗಿನ ಚಳಿಯೂ ಸಹಜ. ಸೂರ್ಯ ಹುಟ್ಟೋ ಹೊತ್ತಿಗೇ ಗಾಳಿ ಅತಿ ತಂಪು, ನಮ್ಮ ಮೈಯ ಶಾಖವೂ ಅದಕ್ಕೆ ಸ್ವಲ್ಪ ಮುಂಚೆಯೇ ತೀರಾ ಇಳಿದಿರುತ್ತೆ. ಆ ಇನ್ನೊಂದು ಕಂಬಳಿ ಯಾವಾಗ್ಲೂ ಕಾಲ ಬುಡದಲ್ಲಿರಲಿ.

ಬೆಳಗಿನವರೆಗೂ | ಭಾನುವಾರ, ಸಂಜೆ 6:30

ಎರಡು ಸಲ ಓದಿದೆ. ದೊಡ್ಡ ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಅದೇ, ಸ್ವಲ್ಪ ತಳ್ಳಬೇಕು. ಆದ್ರೆ ಇಷ್ಟು ಚಿಕ್ಕವರಿಗೆ ನಾನು ಹೇಳಿದ್ದು ಸರಿಯಲ್ಲ. ನಾನು ಹೇಳಿದ ಆ ಹೆಮ್ಮೆ ನಿಮ್ಮ ಮಗಳಿಗೆ ಬಾಗಿಲು ಹಾಕಿ ವಾಪಸ್ ಬರೋವಾಗಲೇ ಸಿಕ್ಕಿದೆ. ನಮ್ಮ ಚಿಕ್ಕವಳಿಗೆ ಮೂರು ತುಂಬುತ್ತೆ ಬರೋ ತಿಂಗಳು. ಹಿಂಬಾಗಿಲ ಬೀಗ ಬಿಗಿಯಾಗಿದೆ, ಮೊದಲು ಅದಕ್ಕೆ ಎಣ್ಣೆ ಬಿಡ್ತೀನಿ.

ಹಳೆಚಾಪೆ | ಭಾನುವಾರ, ರಾತ್ರಿ 8:00

ಅಕ್ಕ, ಟೆಂಟ್ ಮಡಚೋ ಮುಂಚೆ ಪೂರ್ತಿ ಒಣಗಿಸಿ. ಸ್ವಲ್ಪ ತೇವ ಇದ್ರೂ ಚೀಲದಲ್ಲಿ ಬೂಷ್ಟು ಹಿಡಿಯುತ್ತೆ, ಆ ವಾಸನೆ ಮತ್ತೆ ಹೋಗಲ್ಲ. ಕೆಳಭಾಗ ತಿರುಗಿಸಿ ನೆರಳಲ್ಲಿ ಹಾಕಿ. ದಿನಗಟ್ಟಲೆ ಬಿಸಿಲಲ್ಲಿ ಬಿಟ್ರೆ ನೈಲಾನ್ ಬಲ ಕಳ್ಕೊಳ್ಳುತ್ತೆ, ಕೆಳಗಿನ ಹುಲ್ಲೂ ಹಳದಿಯಾಗುತ್ತೆ.

ಹಿತ್ತಲಬಾಗಿಲು | ಭಾನುವಾರ, ರಾತ್ರಿ 9:10

ಒಣಗಿಸಿ ಆಯ್ತು ಅಣ್ಣ, ಮಡಚೋಕೆ ಇವರು ಬಿಡ್ತಿಲ್ಲ. ಇವತ್ತು ರಾತ್ರಿ ಕೀಲಿ ತನಗೆ ಬೇಕು ಅಂತ ಚಿಕ್ಕವನು ಹಠ ಹಿಡಿದಿದ್ದಾನೆ. ಅವನ ಕೈಗೆ ಬೀಗ ಎಟುಕಲ್ಲ, ಅಕ್ಕ ಎತ್ಕೋತಾಳಂತೆ. ಎರಡನೇ ರಾತ್ರಿಗೆ ರಟ್ಟು ಮತ್ತೆ ಹಾಸೋಕೆ ಹೋಗ್ತಿದ್ದೀನಿ.